ಸಹಿ ಮಾಡದ ಒಂದು ಅರ್ಜಿ

1996ರ ಜೂನ್‌ನಲ್ಲಿ ನಾನು ಪುಣೆಯ ಒಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ರೀಡರ್, ಅಂದರೆ ಪ್ರೊಫೆಸರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಅಧ್ಯಾಪಕಿ, ಆಗಿದ್ದೆ. ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಗಿತ್ತು. ಎಂ.ಎ. ವಿದ್ಯಾರ್ಥಿಗಳಿಗೆ ಹಿಂದೂಸ್ತಾನಿ ಗಾಯನ ಕಲಿಸುವುದು ನನ್ನ ಹೊಣೆ. ಸಂಗೀತದಲ್ಲಿ ಎಂ.ಎ. ಎಂದರೆ ಏನು ಓದುತ್ತಾರೆ ಎಂದು ಗದಗಿನ ನನ್ನ ಬಂಧುಗಳು ಈಗಲೂ ಕೇಳುತ್ತಾರೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮದು ಎರಡು ವರ್ಷದ ಕೋರ್ಸು. ಅರ್ಧ ಭಾಗ ಲಿಖಿತ ಪತ್ರಿಕೆಗಳು: ಸಂಗೀತದ ಇತಿಹಾಸ, ರಾಗಗಳ ತುಲನೆ, ಸ್ವರಲಿಪಿ ಬರೆಯುವುದು. ಇನ್ನರ್ಧ ಹಾಡುವುದು. ಎರಡನೇ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಸಣ್ಣ ಪ್ರಬಂಧ ಬರೆಯಬೇಕು. ಕೊನೆಯಲ್ಲಿ ಮಂಚ ಪ್ರದರ್ಶನ ಎಂಬ, ವೇದಿಕೆಯ ಮೇಲೆ ಹಾಡುವ ಪರೀಕ್ಷೆ. ಸಭಾಂಗಣದಲ್ಲಿ ಶ್ರೋತೃಗಳನ್ನು ಕೂರಿಸಿ, ಮೂವರು ಪರೀಕ್ಷಕರ ಎದುರು ವಿದ್ಯಾರ್ಥಿ ಒಂದು ಗಂಟೆ ಕಛೇರಿ ಮಾಡಬೇಕು. ಅದಕ್ಕೆ ಇನ್ನೂರು ಅಂಕ. ಪರೀಕ್ಷಕರಲ್ಲಿ ಇಬ್ಬರು ಹೊರಗಿನವರು, ಒಬ್ಬರು ವಿಭಾಗದವರೇ. ಆ ಎರಡು ವರ್ಷ ವಿಭಾಗದ ಪರೀಕ್ಷಕಿ ನಾನೇ ಆಗಿದ್ದೆ.

ಆ ಜೂನ್‌ನ ಪ್ರವೇಶ ಪರೀಕ್ಷೆಗೆ ಬಂದವರಲ್ಲಿ ಕಸ್ತೂರಿ ಬೀಳಗಿ ಎಂಬ ಮೂವತ್ತೆಂಟು ವರ್ಷದ ಹೆಂಗಸು ಇದ್ದಳು. ಉಳಿದವರೆಲ್ಲ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ ಹುಡುಗಿಯರು. ಈಕೆ ಇಸ್ತ್ರಿ ಮಾಡಿದ ಹತ್ತಿಯ ಸೀರೆ ಉಟ್ಟು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಂದಿದ್ದಳು. ಶಿವಾಜಿನಗರದ ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಕೆಲಸ. ತಂದೆ ಬೀಳಗಿಯಿಂದ ಬಂದು ಇಲ್ಲಿಯ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಗುಮಾಸ್ತರಾಗಿದ್ದವರು. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಯೆರವಡಾದಲ್ಲಿ ಮನೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಇಷ್ಟನ್ನೂ ಆಕೆ ಮರಾಠಿಯಲ್ಲಿ ಹೇಳಿದಳು. ಹೆಸರು ಕೇಳಿ ನಾನು ಕನ್ನಡದಲ್ಲಿ ಮಾತಾಡಿಸಿದಾಗ ಮುಖ ಅರಳಿತು.

ಹಾಡಲು ಹೇಳಿದೆವು. ಭೀಮಪಲಾಸಿ ಹಾಡಿದಳು. ಸಣ್ಣಪುಟ್ಟ ತಪ್ಪು ಬೇಕಾದಷ್ಟಿದ್ದವು. ಆದರೆ ಆಕೆ ಒಂದು ಸ್ವರದ ಮೇಲೆ ನಿಂತರೆ, ಅದು ಅಲ್ಲಿ ಮೊದಲಿನಿಂದಲೂ ಇತ್ತು, ಈಕೆ ಬಂದು ಅದರ ಪಕ್ಕ ಸುಮ್ಮನೆ ಕುಳಿತಳು ಎನ್ನುವಂತೆ ಕೇಳುತ್ತಿತ್ತು. ನಮ್ಮ ಮುಖ್ಯಸ್ಥರು ಸಿತಾರ್ ವಾದಕರು, ಮಿತಭಾಷಿ. ಹಾಡು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, ಇವರನ್ನು ತೆಗೆದುಕೊಳ್ಳದಿದ್ದರೆ ನಾವು ಬಾಗಿಲು ಮುಚ್ಚುವುದು ಒಳ್ಳೆಯದು ಎಂದರು. ನನಗೂ ಸಂತೋಷವೇ ಆಯಿತು. ಆಗ ಸಂತೋಷವಾದದ್ದು ನಿಜ, ಅದನ್ನು ಇಲ್ಲಿ ದಾಖಲಿಸಬೇಕು.

ನಮ್ಮ ತರಗತಿಗಳು ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ. ಅಲ್ಲಿಂದ ಕಸ್ತೂರಿ ಬಸ್ಸಿನಲ್ಲಿ ಕೋರ್ಟಿಗೆ ಓಡಬೇಕು. ಅಭ್ಯಾಸ ಯಾವಾಗ ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಮಧ್ಯಾಹ್ನ ಊಟದ ವಿರಾಮದಲ್ಲಿ ಹಳೆಯ ಕಡತಗಳ ಕೋಣೆಗೆ ಹೋಗುತ್ತಾಳಂತೆ. ಅಲ್ಲಿ ಯಾರೂ ಬರುವುದಿಲ್ಲ, ಕಟ್ಟುಗಟ್ಟಲೆ ಕಾಗದ ಇರುವುದರಿಂದ ದನಿ ಹೊರಗೂ ಹೋಗುವುದಿಲ್ಲ. ನಲವತ್ತು ನಿಮಿಷ ಸಿಗುತ್ತದೆ. ನನ್ನ ಮನೆಯಲ್ಲಿ ರಿಯಾಜಿಗೆಂದೇ ಬೇರೆ ಕೋಣೆ ಇತ್ತು. ನಾನು ಅಲ್ಲಿ ನಲವತ್ತು ನಿಮಿಷ ಕುಳಿತು ಎಷ್ಟು ದಿನವಾಯಿತು ಎಂಬ ಲೆಕ್ಕ ಆ ದಿನ ಮನಸ್ಸಿನಲ್ಲಿ ಬಂದು ಹೋಯಿತು.

ಎರಡನೇ ವರ್ಷದಲ್ಲಿ ಪ್ರಬಂಧದ ವಿಷಯ ಆರಿಸುವಾಗ ನಾನೇ ಆಕೆಯನ್ನು ಭೋರ್‌ಗೆ ಕಳಿಸಿದೆ. ಪುಣೆಯ ದಕ್ಷಿಣಕ್ಕೆ, ಹಿಂದೆ ಸಂಸ್ಥಾನವಾಗಿದ್ದ ಆ ಸಣ್ಣ ಊರಿನಲ್ಲಿ ನನ್ನ ಗುರುಗಳಿದ್ದರು. ಅವರನ್ನು ಎಲ್ಲರೂ ಬುವಾ ಎನ್ನುತ್ತಿದ್ದರು. ಆ ಕಡೆ ಹಿರಿಯ ಗವಾಯಿಗಳಿಗೆ ಹಾಗನ್ನುವುದು ರೂಢಿ. ಅವರ ತಂದೆ ಸಂಸ್ಥಾನದ ಕಾಲದಲ್ಲಿ ಅರಮನೆಯಲ್ಲಿ ಹಾಡಿದವರು. ಬುವಾ ಮಾತ್ರ ಶಾಲೆಯಲ್ಲಿ ಸಂಗೀತ ಮೇಷ್ಟರಾಗಿ ನಿವೃತ್ತರಾದವರು. ಆಗ ಎಂಬತ್ತು ದಾಟಿತ್ತು. ತಾಯಿಯ ತವರು ಜಮಖಂಡಿ, ಆದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. 1979ರಿಂದ ಹನ್ನೊಂದು ವರ್ಷ ನಾನು ಪ್ರತಿ ಭಾನುವಾರ ಬೆಳಗಿನ ಎಸ್.ಟಿ. ಬಸ್ ಹಿಡಿದು ಅವರ ಬಳಿ ಹೋಗಿ ಕಲಿತಿದ್ದೆ. ಆಮೇಲೆ ವಿಶ್ವವಿದ್ಯಾಲಯದ ಸಮಿತಿ, ಪ್ರಶ್ನೆಪತ್ರಿಕೆ, ಸೆಮಿನಾರು ಅಂತ ಹೋಗುವುದು ತಿಂಗಳಿಗೊಮ್ಮೆ ಆಯಿತು, ಆಮೇಲೆ ದೀಪಾವಳಿಗೊಮ್ಮೆ.

ಬುವಾರ ಮನೆಯಲ್ಲಿ ಒಂದು ರಾಗವಿತ್ತು. ಅದಕ್ಕೆ ಹೆಸರಿರಲಿಲ್ಲ. ‘ಘರ್ಚಾ’ ಎನ್ನುತ್ತಿದ್ದರು, ಅಂದರೆ ಮನೆಯದು. ಅವರ ತಂದೆ ಕಟ್ಟಿದ್ದು. ಬೆಳಗಿನ ರಾಗ, ಮಧ್ಯಮ ಸ್ವರದ ಎರಡೂ ರೂಪಗಳು, ಶುದ್ಧ ಮತ್ತು ತೀವ್ರ, ಒಂದರ ಪಕ್ಕ ಒಂದು ಬರುತ್ತವೆ. ಕೇಳಿದರೆ ಲಲಿತ್ ರಾಗ ಅನ್ನಿಸುತ್ತದೆ, ಆದರೆ ಇಳಿಯುವಾಗ ಯಾರೂ ಎಣಿಸದ ಕಡೆ ಹೊರಳಿಬಿಡುತ್ತದೆ. ನಾನು ಅದನ್ನು ಕೇಳಿದ್ದು ಒಂದೇ ಒಂದು ಸಲ. ಒಂದು ಭಾನುವಾರ ಬಸ್ಸು ಬೇಗ ಮುಟ್ಟಿತ್ತು. ಬುವಾ ಒಳಕೋಣೆಯಲ್ಲಿ ಒಬ್ಬರೇ ಹಾಡಿಕೊಳ್ಳುತ್ತಿದ್ದರು, ನಾನು ಕಟ್ಟೆಯ ಮೇಲೆ ನಿಂತು ಕೇಳಿದೆ. ಒಳಗೆ ಹೋದ ಕೂಡಲೇ ನಿಲ್ಲಿಸಿದರು. ಅದನ್ನು ಕಲಿಸಬೇಕೆಂದು ಕೇಳಿದೆ. ಇನ್ನೂ ಹೊತ್ತಾಗಿಲ್ಲ ಎಂದರು. ಆಮೇಲೆ ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಉತ್ತರ. ಬಹುಶಃ ಯಾರಿಗೂ ಕಲಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಯಾರಿಗೂ ಇಲ್ಲ ಎಂದಮೇಲೆ ನನಗೂ ಇಲ್ಲದಿರುವುದು ಅಷ್ಟು ನೋಯುವುದಿಲ್ಲ.

ಕಸ್ತೂರಿಗೆ ನಾನು ಕೊಟ್ಟ ಕೆಲಸ ಸರಳವಾದದ್ದು. ಬುವಾರಿಗೆ ಗೊತ್ತಿರುವ ಹಳೆಯ ಬಂದಿಶ್‌ಗಳನ್ನು, ಅಂದರೆ ರಾಗದಲ್ಲಿ ಕಟ್ಟಿದ ಸಾಹಿತ್ಯವನ್ನು, ಸಂಗ್ರಹಿಸಿ ಟಿಪ್ಪಣಿ ಬರೆಯುವುದು. ನಾಲ್ಕೈದು ಭೇಟಿ ಸಾಕು ಎಂದಿದ್ದೆ. ಆಕೆ ಪ್ರತಿ ಭಾನುವಾರ ಹೋಗತೊಡಗಿದಳು. ದಸರೆಯ ಹೊತ್ತಿಗೆ ನಾನೂ ಒಂದು ಭಾನುವಾರ ಹೋದೆ. ಬಾಗಿಲಲ್ಲಿ ನಿಂತಾಗ ಕಂಡದ್ದು ಇಷ್ಟು: ಕಸ್ತೂರಿ ಒಳಗಿನ ಚಾಪೆಯ ಮೇಲೆ ಬುವಾರ ಮೊಣಕಾಲಿಗೆ ತಾಗಿ ಕುಳಿತು ತಂಬೂರಿ ನುಡಿಸುತ್ತಿದ್ದಳು. ನನ್ನನ್ನು ನೋಡಿದ ಬುವಾರ ಸೊಸೆ ಒಳಗಿನಿಂದ ಕುರ್ಚಿ ತಂದು ಹಾಕಿದಳು. ನಾನು ರೀಡರ್ ಆದಮೇಲೆ ಆ ಮನೆಯಲ್ಲಿ ನನಗೆ ಕುರ್ಚಿಯೇ. ಬುವಾ ಆಕೆಯನ್ನು ಪೋರಿ ಎನ್ನುತ್ತಿದ್ದರು, ನನ್ನನ್ನು ಶಾರದಾಬಾಯಿ ಎಂದರು. ಒಂದು ಕಾಲಕ್ಕೆ ನಾನೂ ಪೋರಿಯೇ ಆಗಿದ್ದೆ. ಕಸ್ತೂರಿ ತಂದ ಜೋಳದ ರೊಟ್ಟಿಯನ್ನು ಬುವಾ ಮೊಸರಿನಲ್ಲಿ ನೆನೆಸಿ ತಿಂದರು. ನಾನು ಒಯ್ದಿದ್ದ ಮಿಠಾಯಿಯ ಪೊಟ್ಟಣ ಗೂಡಿನಲ್ಲಿ ಹಾಗೇ ಉಳಿಯಿತು. ಇಂಥವನ್ನೆಲ್ಲ ನಾನು ಎಣಿಸುತ್ತಿದ್ದೇನೆ ಎಂದು ತಿಳಿದು ನನಗೇ ನಾಚಿಕೆಯಾಯಿತು. ಆದರೂ ಎಣಿಸಿದೆ.

1998ರ ಜನವರಿ ಕೊನೆಯ ಒಂದು ಬೆಳಿಗ್ಗೆ. ತರಗತಿಗೆ ಇನ್ನೂ ಯಾರೂ ಬಂದಿರಲಿಲ್ಲ. ಕಸ್ತೂರಿ ಕಿಟಕಿಯ ಬಳಿ ಕುಳಿತು ತಂಬೂರಿ ಶ್ರುತಿ ಮಾಡುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತುಬಿಟ್ಟೆ. ಎರಡೂ ಮಧ್ಯಮ, ಆಮೇಲೆ ಆ ಹೊರಳು. ಹದಿನಾರು ವರ್ಷದ ಹಿಂದೆ ಭೋರ್‌ನ ಕಟ್ಟೆಯ ಮೇಲೆ ಕೇಳಿದ್ದು. ಒಳಗೆ ಹೋಗಿ, ಏನು ಹಾಡುತ್ತಿದ್ದೀರಿ ಎಂದು ಸಹಜವಾಗಿ ಕೇಳಿದೆ. ಆಕೆಯೂ ಸಹಜವಾಗಿಯೇ ಹೇಳಿದಳು, ಬುವಾ ಕಾರ್ತಿಕದಿಂದ ಕಲಿಸುತ್ತಿದ್ದಾರೆ, ಇನ್ನೂ ಪೂರ್ತಿ ಕೂತಿಲ್ಲ ಎಂದು. ನನಗೂ ಅದು ಬರುತ್ತದೆ ಎಂದೇ ಆಕೆ ತಿಳಿದಿದ್ದಳು. ತಾನ್ ಎಂಬ ವೇಗದ ಸ್ವರಸರಣಿಯೊಂದರ ಬಗ್ಗೆ ಸಲಹೆಯನ್ನೂ ಕೇಳಿದಳು. ಇವತ್ತು ಹೊತ್ತಾಯಿತು, ಇನ್ನೊಮ್ಮೆ ನೋಡೋಣ ಎಂದೆ.

ಆ ದಿನ ನಾನು ಹೇಗೆ ಪಾಠ ಮಾಡಿದೆನೋ ನೆನಪಿಲ್ಲ. ಹೊಟ್ಟೆಯಲ್ಲಿ ಬಿಸಿ ಇಟ್ಟಂತೆ ಆಗುತ್ತಿತ್ತು. ಹನ್ನೊಂದು ವರ್ಷದ ಭಾನುವಾರಗಳಿಗೆ ಸಿಗದದ್ದು ಈಕೆಗೆ ಏಳು ತಿಂಗಳಲ್ಲಿ ಸಿಕ್ಕಿತ್ತು, ಅದೂ ನಾನೇ ದಾರಿ ತೋರಿಸಿ ಕಳಿಸಿದ್ದರಿಂದ. ಆಕೆ ದೊಡ್ಡ ಮನೆತನದವಳಾಗಿದ್ದರೆ, ಚಿಕ್ಕ ಹುಡುಗಿಯಾಗಿದ್ದರೆ, ಬಹುಶಃ ಸಹಿಸುತ್ತಿದ್ದೆ. ನನಗಿಂತ ಆರೇ ವರ್ಷ ಚಿಕ್ಕವಳು, ನನ್ನದೇ ಮಾತಿನವಳು, ದಿನವಿಡೀ ಕೋರ್ಟಿನಲ್ಲಿ ಬೆರಳಚ್ಚು ಮಾಡುವವಳು. ನನ್ನ ಹಾಗೆಯೇ ಇದ್ದವಳಿಗೆ ಸಿಕ್ಕಿತು, ನನಗೆ ಸಿಗಲಿಲ್ಲ.

ಮುಂದೆ ಹೇಳುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಪ್ರಬಂಧ ಪರಿಶೀಲಿಸಬೇಕೆಂಬ ನೆಪದಲ್ಲಿ ಆಕೆಯ ಟಿಪ್ಪಣಿ ಪುಸ್ತಕವನ್ನು ಒಂದು ಶನಿವಾರ ಮನೆಗೆ ತಂದೆ. ಭಾನುವಾರ ಮಧ್ಯಾಹ್ನ ರಿಯಾಜಿನ ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕ ಬಿಡಿಸಿದೆ. ಸ್ವರಲಿಪಿ ಇದ್ದರೆ ಎರಡು ತಾಸಿನಲ್ಲಿ ರಾಗವನ್ನು ಕೈವಶ ಮಾಡಿಕೊಳ್ಳಬಲ್ಲೆ ಎಂಬ ಧೈರ್ಯ ನನಗಿತ್ತು. ಪುಟಗಳ ತುಂಬ ಗೆರೆ, ಕೊಕ್ಕೆ, ಚುಕ್ಕೆ. ಕಸ್ತೂರಿ ಎಲ್ಲವನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡಿದ್ದಳು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡಿಗೆ ತನ್ನದೇ ಗುರುತು, ಉಸಿರಿಗೆ ಒಂದು ಗುರುತು, ಬುವಾ ತಲೆ ಅಲ್ಲಾಡಿಸಿದ ಕಡೆಗೂ ಏನೋ ಒಂದು ಗುರುತು. ನಾನು ಮೂವತ್ತು ಪುಟ ತಿರುವಿದೆ. ಒಂದು ಷಡ್ಜವನ್ನೂ ಗುರುತು ಹಿಡಿಯಲಾಗಲಿಲ್ಲ. ಸ್ವರಲಿಪಿಯ ಪತ್ರಿಕೆ ಕಲಿಸುವವಳು ನಾನು. ಕಳ್ಳತನಕ್ಕೆ ಹೋಗಿ ಬೀಗದ ಮುಂದೆ ಕುಳಿತವಳಂತೆ ಸಂಜೆಯವರೆಗೆ ಅಲ್ಲೇ ಇದ್ದೆ. ಸೋಮವಾರ ಪುಸ್ತಕ ಮರಳಿಸಿ, ಪ್ರಬಂಧ ಚೆನ್ನಾಗಿ ಸಾಗಿದೆ ಎಂದೆ.

ಫೆಬ್ರವರಿಯಲ್ಲಿ ಕಸ್ತೂರಿ ಅರ್ಜಿ ತಂದಳು. ಮಂಚ ಪ್ರದರ್ಶನದಲ್ಲಿ ಹಾಡಲು ಪಠ್ಯಕ್ರಮದಲ್ಲಿ ಹನ್ನೆರಡು ರಾಗಗಳ ಪಟ್ಟಿ ಇರುತ್ತದೆ. ಅದರ ಹೊರಗಿನ ರಾಗ ಹಾಡಬೇಕಾದರೆ ಮಾರ್ಗದರ್ಶಕರ ಶಿಫಾರಸು ಮತ್ತು ಮುಖ್ಯಸ್ಥರ ಸಹಿ ಬೇಕು. ಮಾರ್ಗದರ್ಶಕಿ ನಾನೇ. ಅದುವರೆಗೆ ಅಂಥ ಅರ್ಜಿಗಳು ನನ್ನ ಬಳಿ ಮೂರು ಬಂದಿದ್ದವು, ಮೂರಕ್ಕೂ ಸಹಿ ಹಾಕಿದ್ದೆ. ಕಸ್ತೂರಿಯ ಅರ್ಜಿ ಅಚ್ಚುಕಟ್ಟಾಗಿ ಟೈಪು ಮಾಡಿದ್ದು, ಮೂರು ಪ್ರತಿ.

“ಮೇಡಂ, ಒಮ್ಮೆ ಮಂದಿ ಮುಂದ ಹಾಡು ಅಂತ ಬುವಾ ಅಂದಾರ್ರಿ. ಅವರೂ ಕೇಳಾಕ ಬರ್ತಾರಂತ.”

ಪಟ್ಟಿಯಲ್ಲಿಲ್ಲದ ರಾಗ ಹಾಡುವುದು ನಿಯಮಕ್ಕೆ ಸರಿಯಾಗುವುದಿಲ್ಲ ಎಂದೆ. ಶಿಫಾರಸು ಇದ್ದರೆ ನಡೆಯುತ್ತದೆ ಎಂದು ನಿಯಮದಲ್ಲೇ ಇದೆಯಲ್ಲ ಎಂದು ಆಕೆ ಮೆತ್ತಗೆ ಕೇಳಿದಳು. ಹೌದು, ಆದರೆ ನಾನು ಶಿಫಾರಸು ಮಾಡುತ್ತಿಲ್ಲ, ಹೊಸ ರಾಗ ಇನ್ನೂ ಪಕ್ವವಾಗಿಲ್ಲ, ಹೊರಗಿನ ಪರೀಕ್ಷಕರಿಗೆ ಅದರ ಚಲನೆ ಗೊತ್ತಿರುವುದಿಲ್ಲ, ಅಂಕ ಹೋಗುತ್ತದೆ ಎಂದೆ. ಹೇಳಿದ ಒಂದೊಂದು ಮಾತೂ ತೋರಿಕೆಗೆ ಸರಿಯಾಗಿಯೇ ಇತ್ತು. ಆಕೆ ಅರ್ಜಿಯ ಮೂರು ಪ್ರತಿಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು.

“ಆತ್ರಿ ಮೇಡಂ. ಪಟ್ಟಿಯೊಳಗಿನ ತೋಡಿ ಹಾಡ್ತೀನ್ರಿ.”

ಮುಖ್ಯಸ್ಥರು ಒಂದು ದಿನ ಇದರ ಬಗ್ಗೆ ಕೇಳಿದರು. ಆಕೆಯ ಹಿತಕ್ಕಾಗಿಯೇ ಬೇಡವೆಂದೆ ಎಂದು ಹೇಳಿದೆ. ಅವರು ಹೆಚ್ಚು ಕೆದಕಲಿಲ್ಲ.

ಮಾರ್ಚ್ ಕೊನೆಗೆ ನಾನು ಭೋರ್‌ಗೆ ಹೋದೆ. ಏಕೆ ಹೋದೆ ಎಂದು ಈಗ ಯೋಚಿಸಿದರೆ, ಜಗಳಕ್ಕೆ ಎಂದೇ ಹೇಳಬೇಕು. ಬೇಕೆಂದೇ ವಾರದ ನಡುವೆ, ಕಸ್ತೂರಿ ಇರದ ದಿನ ಹೋದೆ. ಸೊಸೆ ಕುರ್ಚಿ ತಂದಳು. ನಾನು ಕೂರಲಿಲ್ಲ, ಬುವಾರ ಎದುರು ನೆಲದ ಮೇಲೆ ಕುಳಿತೆ. ಅವರು ಅಡಕೆ ಕತ್ತರಿಸುತ್ತಿದ್ದರು. ಹನ್ನೊಂದು ವರ್ಷ ಬಂದ ನನಗೆ ಕೊಡದದ್ದನ್ನು ಏಳು ತಿಂಗಳು ಬಂದವಳಿಗೆ ಏಕೆ ಕೊಟ್ಟಿರಿ ಎಂದು ನೇರವಾಗಿ ಕೇಳಿಬಿಟ್ಟೆ. ಬುವಾ ಅಡಕೊತ್ತು ಕೆಳಗಿಟ್ಟರು.

“ನಿನಗ ಕಲಿಸಿದ್ರ ಅದು ಪ್ರಶ್ನೆಪತ್ರಿಕೆಯೊಳಗ ಬರ್ತಿತ್ತು, ಶಾರದಾ. ಐದು ಮಾರ್ಕಿಗೆ ಟಿಪ್ಪಣಿ ಬರೀರಿ ಅಂತ.”

ನನಗೆ ತಕ್ಷಣ ತಿಳಿಯಲಿಲ್ಲ. ಅವರೇ ನೆನಪಿಸಿದರು. 1989ರಲ್ಲಿ ನಾನು ಅವರಿಂದ ಕಲಿತ ಹದಿನಾಲ್ಕು ಬಂದಿಶ್‌ಗಳನ್ನು ಸ್ವರಲಿಪಿ ಮಾಡಿ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದ್ದೆ. ಲೇಖನದ ಮೇಲೆ ನನ್ನ ಹೆಸರು. ಕೊನೆಯ ಸಾಲಿನಲ್ಲಿ ಬುವಾರಿಗೆ ಕೃತಜ್ಞತೆ. ರೀಡರ್ ಹುದ್ದೆಯ ಸಂದರ್ಶನದಲ್ಲಿ ಆ ಲೇಖನ ನನಗೆ ಬಹಳ ನೆರವಾಗಿತ್ತು. ಪ್ರತಿಯನ್ನು ಹೆಮ್ಮೆಯಿಂದ ತಂದು ಅವರ ಕೈಗೆ ಕೊಟ್ಟಿದ್ದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿ, ಅಚ್ಚು ಚೆನ್ನಾಗಿದೆ ಎಂದಿದ್ದರು. ಮುಂಚೆ ಒಂದು ಮಾತು ಕೇಳಬೇಕಿತ್ತೆಂದು ನನಗೆ ಹೊಳೆದಿರಲೇ ಇಲ್ಲ.

“ನಾ ತಪ್ಪಂತ ಅನ್ನಂಗಿಲ್ಲ,” ಎಂದರು ಬುವಾ. “ಒಂಬತ್ತು ವರ್ಷ ಆತು, ಇನ್ನ ಅದರ ಮಾತ್ಯಾಕ. ಆದ್ರ ಇದೊಂದನ್ನ ನನ್ನ ಅಪ್ಪ ನನ್ನ ಬಾಯಾಗ ಇಟ್ಟು ಹೋಗ್ಯಾನ. ಬಾಯಿಂದ ಬಾಯಿಗೇ ಹೋಗಲಿ. ಒಮ್ಮೆ ಮಂದಿ ಮುಂದ ಕೇಳಬೇಕಂತ ನನಗ ಆಸೆ ಅದ. ನೀ ಮನಸ್ಸು ಮಾಡಿದ್ರ ಆಗ್ತದ ಅಂತ ಪೋರಿ ಅಂದಳು.”

ಅರ್ಜಿ ಸಲ್ಲಿಸುವ ಕೊನೆಯ ದಿನ ಮುಗಿದಿತ್ತು. ಆದರೂ ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಮುಖ್ಯಸ್ಥರಿಗೆ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಂಥ ಕಡೆ ಕಥೆಗಳಲ್ಲಿ ಮನುಷ್ಯರು ಕರಗುತ್ತಾರೆ. ನಾನು ಕರಗಲಿಲ್ಲ. ಭೋರ್‌ನಿಂದ ಮರಳುವ ಬಸ್ಸಿನಲ್ಲಿ ನನ್ನ ಸಿಟ್ಟು ಹೆಚ್ಚೇ ಆಯಿತು. ಹದಿನಾಲ್ಕು ಬಂದಿಶ್ ಉಳಿಸಿಕೊಟ್ಟವಳು ನಾನು, ಅದಕ್ಕೆ ಇದು ಪ್ರತಿಫಲವೇ ಎಂದು ಪುಣೆಯ ಹತ್ತಿರದ ಕಾತ್ರಜ್ ಘಾಟಿನವರೆಗೂ ನನ್ನೊಳಗೆ ವಾದ ಮಾಡುತ್ತಲೇ ಬಂದೆ. ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಅಷ್ಟು ಸಿಟ್ಟು. ನಾನು ಮುಖ್ಯಸ್ಥರ ಬಳಿ ಹೋಗಲಿಲ್ಲ.

ಏಪ್ರಿಲ್ ನಡುವೆ ಮಂಚ ಪ್ರದರ್ಶನ. ಕಸ್ತೂರಿಯದು ಬೆಳಿಗ್ಗೆ ಒಂಬತ್ತಕ್ಕೆ, ಮೊದಲನೆಯದು. ಹೊರಗಿನ ಪರೀಕ್ಷಕರಲ್ಲಿ ಒಬ್ಬರು ಮುಂಬೈಯ ಪ್ರಾಧ್ಯಾಪಕರು, ಇನ್ನೊಬ್ಬರು ಕೊಲ್ಲಾಪುರದ ಹಿರಿಯ ಗಾಯಕಿ. ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಜನ. ಕಸ್ತೂರಿಯ ಗಂಡ ರಜೆ ಹಾಕಿ ಮಕ್ಕಳೊಂದಿಗೆ ಬಂದಿದ್ದ. ಕೋರ್ಟಿನ ನಾಲ್ಕೈದು ಗುಮಾಸ್ತರು ಹಿಂದಿನ ಸಾಲಿನಲ್ಲಿದ್ದರು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬುವಾ ಸೊಸೆಯ ಕೈ ಹಿಡಿದು ಬಂದು ಮೂರನೇ ಸಾಲಿನಲ್ಲಿ ಕುಳಿತರು. ಆ ವಯಸ್ಸಿನಲ್ಲಿ ಬಸ್ಸಿನಲ್ಲಿ ಬಂದಿದ್ದರು. ಮನೆಯ ರಾಗ ಹಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಬಂದಿದ್ದರು.

ಕಸ್ತೂರಿ ತೋಡಿ ಹಾಡಿದಳು. ನಾನು ಪೆನ್ನು ಹಿಡಿದು ತಪ್ಪಿಗಾಗಿ ಕಾದೆ. ಮೊದಲ ಹತ್ತು ನಿಮಿಷ ದನಿ ಸ್ವಲ್ಪ ಬಿಗಿಯಾಗಿತ್ತು, ಅದನ್ನು ಬರೆದುಕೊಂಡೆ. ಆಮೇಲೆ ಕೋಮಲ ಗಾಂಧಾರದ ಮೇಲೆ ನಿಂತಳು. ತೋಡಿಯ ಗಾಂಧಾರ ಬಹಳ ಕಷ್ಟದ್ದು. ಉಳಿದ ರಾಗಗಳ ಗಾಂಧಾರಕ್ಕಿಂತ ಒಂದು ಎಳೆ ಕೆಳಗೆ ಇರಬೇಕು, ಹೆಚ್ಚು ಇಳಿದರೆ ಬೇಸುರ. ಹದಿನಾಲ್ಕು ವರ್ಷದಿಂದ ನಾನು ಆ ಗಾಂಧಾರವನ್ನು ಹುಡುಗರಿಗೆ ವಿವರಿಸುತ್ತ ಬಂದಿದ್ದೆ. ಈಕೆ ವಿವರಿಸಲಿಲ್ಲ, ಅಲ್ಲಿ ಇದ್ದಳು. ಸಭಾಂಗಣದಲ್ಲಿ ಯಾರೋ ಕೆಮ್ಮುತ್ತಿದ್ದವರು ನಿಲ್ಲಿಸಿದರು. ನನ್ನ ಕಿವಿ ಸಂತೋಷಪಡುತ್ತಿತ್ತು, ಉಳಿದ ನಾನು ಉರಿಯುತ್ತಿದ್ದೆ. ಎರಡೂ ಒಟ್ಟಿಗೆ ಆಗಬಹುದು ಎಂಬುದು ಅದುವರೆಗೆ ತಿಳಿದಿರಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಕೋರ್ಟು, ಮನೆಗಳ ನಡುವೆ ಕಸ್ತೂರಿ ಲಿಖಿತ ಪತ್ರಿಕೆಗಳಲ್ಲಿ ಹಿಂದೆ ಬಿದ್ದಿದ್ದಳು. ಕಾಲೇಜಿನಲ್ಲಿ ಅಧ್ಯಾಪಕಿಯಾಗಲು ಎಂ.ಎ.ಯಲ್ಲಿ ಒಟ್ಟು ಶೇಕಡಾ ಐವತ್ತೈದು ಬೇಕು. ಆ ಕೆಲಸಕ್ಕಾಗಿಯೇ ಆಕೆ ಎರಡು ವರ್ಷ ಹೀಗೆ ಓಡಾಡಿದ್ದು. ಮಂಚ ಪ್ರದರ್ಶನದಲ್ಲಿ ಇನ್ನೂರಕ್ಕೆ ನೂರ ನಲವತ್ತರ ಮೇಲೆ ಬಂದರೆ ಮಾತ್ರ ಅಷ್ಟು ಮುಟ್ಟುತ್ತಿತ್ತು. ಮಾರ್ಗದರ್ಶಕಿಯಾದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ನಾನು ತೊಂಬತ್ತೆರಡು ಹಾಕಿದೆ.

ಮುಖ್ಯಸ್ಥರ ಕೋಣೆಯಲ್ಲಿ ಮೂರು ಹಾಳೆಗಳನ್ನು ತೆರೆದರು. ಮುಂಬೈಯವರದು ನೂರ ನಲವತ್ತೆಂಟು, ಕೊಲ್ಲಾಪುರದವರದು ನೂರ ಐವತ್ತೆರಡು. ಸರಾಸರಿ ತೆಗೆದರೆ ನೂರ ಮೂವತ್ತೊಂದನ್ನೂ ಮುಟ್ಟುವುದಿಲ್ಲ. ಅಷ್ಟು ಅಂತರ ಬಂದಾಗ, ದೂರ ಉಳಿದ ಪರೀಕ್ಷಕರು ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು ನಮ್ಮಲ್ಲಿ ನಿಯಮ. ಅಂಕಪಟ್ಟಿಯ ಕೆಳಗೆ ಅದಕ್ಕೊಂದು ಚೌಕ ಇರುತ್ತದೆ. ಮುಖ್ಯಸ್ಥರು ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ‘ಸ್ವರಸ್ಥಾನ ಸಡಿಲ’ ಎಂದು ಬರೆದೆ.

ಕೊಲ್ಲಾಪುರದ ಗಾಯಕಿ ಬಗ್ಗಿ ಓದಿದರು. ಅವರಿಗೆ ಎಪ್ಪತ್ತರ ಆಸುಪಾಸು. ಯಾವ ಜಾಗದಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. ಆಮೇಲೆ, ತನಗೆ ಈಗೀಗ ಕಿವಿ ಸ್ವಲ್ಪ ಮಂದವಾಗಿದೆ, ತಪ್ಪಿ ಹೋಗಿರಬಹುದು, ಹೇಳಿದರೆ ತಾನೂ ಅಂಕ ತಿದ್ದಿಕೊಳ್ಳುತ್ತೇನೆ ಎಂದರು. ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ತಮ್ಮ ಕಿವಿಯನ್ನೇ ಅನುಮಾನಿಸುತ್ತಿದ್ದರು. ನಾನು ಒಂದು ಜಾಗ ಹೇಳಿದ್ದರೆ ಅವರು ನಂಬುತ್ತಿದ್ದರು, ಬಹುಶಃ ಮುಂದೆಂದೂ ತಮ್ಮ ಕಿವಿಯನ್ನು ನಂಬುತ್ತಿರಲಿಲ್ಲ.

ನಾನು ಪೆನ್ನು ಹಿಡಿದು ಆ ಚೌಕವನ್ನೇ ನೋಡುತ್ತ ಕುಳಿತೆ. ತಾಳ ಎಂದು ಬರೆಯಲೇ? ತಾಳ ಸರಿ ಇತ್ತು. ವಿಸ್ತಾರ ಸಾಲದು ಎನ್ನಲೇ? ಅದೂ ಸುಳ್ಳು. ಅರ್ಜಿ ನಿರಾಕರಿಸುವಾಗ ಬಾಯಿಂದ ಬಂದ ಕಾರಣಗಳು ಬರೆಯುವಾಗ ಬರಲಿಲ್ಲ. ಕೊನೆಗೆ ಬರೆದದ್ದನ್ನು ಹೊಡೆದು ಹಾಕಿ, ಈ ವಿದ್ಯಾರ್ಥಿನಿಯ ವಿಷಯದಲ್ಲಿ ನನ್ನ ತೀರ್ಮಾನ ಸರಿಯಿಲ್ಲ, ನಾನು ಪರೀಕ್ಷಕಿಯಾಗಿ ಹಿಂದೆ ಸರಿಯುತ್ತೇನೆ, ಉಳಿದಿಬ್ಬರ ಅಂಕಗಳನ್ನೇ ಹಿಡಿಯಬೇಕು ಎಂದು ಬರೆದು ಸಹಿ ಮಾಡಿದೆ. ಕೈಬರಹ ನನ್ನದೇ ಎಂದು ನನಗೆ ಅನ್ನಿಸಲಿಲ್ಲ.

ಮುಂಬೈಯ ಪ್ರಾಧ್ಯಾಪಕರು ಅದನ್ನು ಬೇರೆಯೇ ರೀತಿಯಲ್ಲಿ ತಿಳಿದರು. ಸ್ವಂತ ಶಿಷ್ಯೆ ಎಂದು ಯಾರೂ ಬೆರಳು ತೋರಿಸಬಾರದೆಂದು ಬಿಗಿ ಹಿಡಿದಿದ್ದೀರಿ, ಇಂಥವರು ಈಗ ಅಪರೂಪ ಎಂದು ಹೊಗಳಿದರು. ನಾನು ಅಲ್ಲ ಎನ್ನಲಿಲ್ಲ. ಆ ಹೊಗಳಿಕೆಯನ್ನು ಎತ್ತಿಕೊಂಡು ಮನೆಗೆ ಹೋದೆ. ಮುಖ್ಯಸ್ಥರು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಮರುವರ್ಷದಿಂದ ವಿಭಾಗದ ಪರೀಕ್ಷಕಿಯಾಗಿ ನನ್ನ ಹೆಸರನ್ನು ಅವರು ಎರಡು ವರ್ಷ ಹಾಕಲಿಲ್ಲ. ಏಕೆಂದು ನಾನೂ ಕೇಳಲಿಲ್ಲ.

ಕಸ್ತೂರಿಗೆ ನೂರ ಐವತ್ತು ಬಂತು. ಒಟ್ಟು ಶೇಕಡಾ ಐವತ್ತಾರರ ಹತ್ತಿರ. ಫಲಿತಾಂಶ ಬಂದ ದಿನ ಪೇಢೆ ತಂದು ಕಾಲಿಗೆ ನಮಸ್ಕಾರ ಮಾಡಿದಳು. ಎರಡು ವರ್ಷದ ಮೇಲೆ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಕೋರ್ಟು ಬಿಟ್ಟಳು.

ಆದರೆ ಬುವಾ ಅದೇ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಪರೀಕ್ಷೆಯ ನಂತರ ನಾಲ್ಕು ತಿಂಗಳು. ಆ ನಡುವೆ ಕಸ್ತೂರಿಗೆ ಯಾವ ಕಛೇರಿಯೂ ಸಿಗಲಿಲ್ಲ. ಕೋರ್ಟಿನ ಗುಮಾಸ್ತೆಯನ್ನು ಕರೆದು ಯಾರು ಹಾಡಿಸುತ್ತಾರೆ? ಆ ರಾಗವನ್ನು ಜನರ ನಡುವೆ ಕುಳಿತು ಕೇಳಲು ಅವರಿಗಿದ್ದ ಒಂದೇ ಅವಕಾಶ ಆ ಏಪ್ರಿಲ್‌ನ ಬೆಳಗು. ಅದನ್ನು ತಪ್ಪಿಸಿದವಳು ನಾನು. ಅಂಕಗಳನ್ನು ಸರಿಪಡಿಸಬಹುದಿತ್ತು, ಸರಿಯಾಯಿತು. ಇದನ್ನು ಸರಿಪಡಿಸುವ ಯಾವ ಚೌಕವೂ ಯಾವ ಹಾಳೆಯಲ್ಲೂ ಇರಲಿಲ್ಲ.

2003ರ ಶ್ರಾವಣದಲ್ಲಿ ಬುವಾರ ಸ್ಮರಣೆಗೆಂದು ಅವರ ಹಳೆಯ ವಿದ್ಯಾರ್ಥಿಗಳು ಭೋರ್‌ನ ಶಾಲೆಯೊಂದರಲ್ಲಿ ಬೆಳಗಿನ ಗಾಯನ ಇಟ್ಟುಕೊಂಡರು. ಹಾಡಿದವಳು ಕಸ್ತೂರಿ. ಶಾಲೆಯ ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದ್ದರು. ಊರಿನ ಅಂಗಡಿಯವರು, ನಿವೃತ್ತ ಮೇಷ್ಟರುಗಳು, ಸಂತೆಗೆ ಬಂದ ಕೆಲವರು, ಒಟ್ಟು ನೂರು ಜನ ಇರಬಹುದು. ಆಕೆ ಮನೆಯ ರಾಗವನ್ನು ಒಂದೂಕಾಲು ತಾಸು ಹಾಡಿದಳು. ಆ ಹೊರಳು ಬಂದಾಗಲೆಲ್ಲ ನನ್ನ ಪಕ್ಕದ ಮುದುಕರೊಬ್ಬರು ಮೊಣಕಾಲು ಹಿಡಿದುಕೊಳ್ಳುತ್ತಿದ್ದರು. ಐದು ವರ್ಷ ಕಳೆದಿದ್ದರೂ ನನ್ನ ಹೊಟ್ಟೆಯಲ್ಲಿ ಅದೇ ಬಿಸಿ ಎದ್ದಿತು. ಪಶ್ಚಾತ್ತಾಪ ಅದನ್ನು ಒಂದಿಷ್ಟೂ ಆರಿಸಿರಲಿಲ್ಲ.

ಹಾಡು ಮುಗಿದ ಮೇಲೆ ಶಾಲೆಯ ಹಿಂದಿನ ಪಡಸಾಲೆಯಲ್ಲಿ ಆಕೆ ಚಹಾ ಕುಡಿಯುತ್ತ ಒಬ್ಬಳೇ ಇದ್ದಳು. ನಾನು ಹೋಗಿ ಎಲ್ಲವನ್ನೂ ಹೇಳಿದೆ. ಪುಸ್ತಕ ಒಯ್ದದ್ದು, ಅರ್ಜಿ, ತೊಂಬತ್ತೆರಡು, ಎಲ್ಲವನ್ನೂ. ಆಕೆ ನಡುವೆ ಮಾತಾಡದೆ ಕೇಳಿದಳು. ಕೋರ್ಟಿನಲ್ಲಿ ಹಾಗೇ ಕೇಳಿ ರೂಢಿಯಾದವಳು.

“ಪುಸ್ತಕದ್ದು, ಮಾರ್ಕಿಂದು ಗೊತ್ತಿರಲಿಲ್ರಿ. ಅರ್ಜಿದು ಅವತ್ತೇ ಗೊತ್ತಾಗಿತ್ತು. ಹದಿನಾರು ವರ್ಷ ಕಟಕಟೆಯೊಳಗ ನಿಂತವರ ಮಾತು ಬರಕೊಂಡೀನಿ, ಮೇಡಂ. ನಿಯಮ ಹೇಳುವಾಗ ನೀವು ನನ್ನ ಮುಖ ನೋಡಲಿಲ್ಲ.”

ಗೊತ್ತಿದ್ದೂ ಏಕೆ ಸುಮ್ಮನಿದ್ದಿರಿ ಎಂದೆ. ಜಗಳ ಮಾಡಿದ್ದರೆ ಎಂ.ಎ. ಮುಗಿಯುತ್ತಿರಲಿಲ್ಲ ಎಂದಳು. ಕಪ್ಪಿನಲ್ಲಿ ಉಳಿದ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿದಳು. ಆಮೇಲೆ ನನ್ನ ಮುಖವನ್ನೇ ನೋಡಿ ಹೇಳಿದಳು:

“ನೀವು ನನಗ ದಾರಿ ತೋರಿಸಿದವರು, ಅದನ್ನ ಮರಿಯಂಗಿಲ್ಲ. ಮಾರ್ಕಿಂದು ಮನಸ್ಸಿನ್ಯಾಗ ಇಟ್ಕೊಳ್ಳಂಗಿಲ್ರಿ. ಆದ್ರ ಬುವಾ ಕೇಳದನ ಹೋದರಲಾ, ಅದಕ್ಕ ಮಾಫಿ ಕೇಳಬ್ಯಾಡ್ರಿ. ನನ್ನ ಕಡೆ ಇಲ್ಲ.”

ನಾನು ಕೇಳಲಿಲ್ಲ. ಅಂದು ಇಬ್ಬರೂ ಒಂದೇ ಬಸ್ಸಿನಲ್ಲಿ ಪುಣೆಗೆ ಮರಳಿದೆವು, ಅಕ್ಕಪಕ್ಕದ ಸೀಟಿನಲ್ಲಿ. ಮಗಳ ಮದುವೆಯ ಬಗ್ಗೆ, ಕಾಲೇಜಿನ ಬಗ್ಗೆ ಮಾತಾಡಿದಳು. ಇವತ್ತಿಗೂ ಹಬ್ಬಕ್ಕೆ ಫೋನು ಮಾಡುತ್ತಾಳೆ, ಮೇಡಂ ಎಂದೇ ಕರೆಯುತ್ತಾಳೆ. ಆ ಒಂದು ವಿಷಯ ಮಾತ್ರ ನಮ್ಮ ನಡುವೆ ಎಂದೂ ಬರುವುದಿಲ್ಲ.

ನಿವೃತ್ತಿಯಾಗುವವರೆಗೆ ಇನ್ನೂ ಏಳು ವರ್ಷ ನಾನು ಕಲಿಸಿದೆ, ಮತ್ತೆ ಪರೀಕ್ಷಕಿಯೂ ಆದೆ. ಹೊಟ್ಟೆಕಿಚ್ಚನ್ನು ಗೆದ್ದೆ ಎಂದು ಹೇಳಿಕೊಳ್ಳುವಂತಿಲ್ಲ. ಒಳ್ಳೆಯ ದನಿ ಕೇಳಿದಾಗಲೆಲ್ಲ ಅದು ಬರುತ್ತಿತ್ತು, ಅರವತ್ತರ ಅಂಚಿನಲ್ಲೂ ಬಂತು. ಅದು ಬರುವಾಗ ಹೊಟ್ಟೆಕಿಚ್ಚಾಗಿ ಬರುವುದಿಲ್ಲ. ನಿಯಮವಾಗಿ, ಶಿಸ್ತಾಗಿ, ವಿದ್ಯಾರ್ಥಿಯ ಹಿತವಾಗಿ ಬಂದು ಎದುರು ಕೂರುತ್ತದೆ. ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟೇ: ಬೇರೆ ಯಾರೂ ಕೇಳದಿದ್ದರೂ ಮೊದಲು ಕಾರಣ ಬರೆಯುತ್ತಿದ್ದೆ, ಆಮೇಲೆ ಅಂಕ. ಇನ್ನೊಂದು ಸಂಗತಿಯೂ ಈ ಕೆಲಸ ನನಗೆ ಕಲಿಸಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕಿವಿ ಎಷ್ಟೋ ಸಲ ಮೋಸಹೋಗಿದೆ, ಸಾಧಾರಣ ಹಾಡನ್ನು ದೊಡ್ಡದೆಂದು ತಿಳಿದಿದ್ದೇನೆ. ಆದರೆ ಆ ಉರಿ ಒಮ್ಮೆಯೂ ಸಾಧಾರಣ ಹಾಡಿಗೆ ಎದ್ದದ್ದಿಲ್ಲ. ಆದ್ದರಿಂದ ಕೊನೆಯ ವರ್ಷಗಳಲ್ಲಿ, ಯಾವ ಹುಡುಗಿ ಹಾಡುವಾಗ ನನಗೆ ಎದ್ದು ಹೊರಗೆ ಹೋಗಬೇಕು ಎನ್ನಿಸುತ್ತಿತ್ತೋ, ಅವಳ ಅರ್ಜಿಗೆ ಮೊದಲು ಸಹಿ ಹಾಕುತ್ತಿದ್ದೆ.